ಎತ್ತು ಈಯಿತಂತೆ, ಸಿಡ್ನಿಯಲ್ಲಿ

ಓಟಿಸ್ ಎರಡು ಕಾಲ ಮೇಲೆ ನಿಂತು ಕುಣಿದಾಗ ತಾತ ತುಟಿ ಪಿಟಕ್ಕೆನ್ನಲಿಲ್ಲ. ಹಂದಿ, ಹುಂಜ, ಹೇಸರಗತ್ತೆ ಎಲ್ಲ ಸೇರಿ ಕೊಟ್ಟಿಗೆಯಲ್ಲಿ ಪಾರ್ಟಿ ಮಾಡಿದಾಗಲೂ ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ದನ ಮಾತಾಡುತ್ತೆ, ಮಾತಾಡಲಿ. ಇಂಗ್ಲಿಷ್ ಮಾತಾಡುತ್ತೆ, ಹುಟ್ಟಿದ ದೇಶ ಅದು. ಆದರೆ ಓಟಿಸ್ ಇನ್ನೊಂದು ದನವನ್ನು ‘ಡ್ಯಾಡ್’ ಅಂದದ್ದೇ ತಡ, ತಾತ ನೆಟ್ಟಗಾದರು.

“ಅದು ಅಪ್ಪನಾ?”

“ಹೂಂ ತಾತ, ಅವ್ನು ಬೆನ್. ಓಟಿಸ್‌ದು ಡ್ಯಾಡ್.”

“ಓಟಿಸ್ ಗಂಡಾ?”

“ಹೂಂ.”

ತಾತ ಎದ್ದರು. ಮೊಮ್ಮಗನ ಕೈಯಿಂದ ರಿಮೋಟ್ ಕಸಿದು ಚಿತ್ರ ನಿಲ್ಲಿಸಿದರು. ಟೀವಿಯ ಹತ್ತಿರ ಹೋಗಿ, ಬೆರಳನ್ನು ಪರದೆಗೇ ಒತ್ತಿ ಕೇಳಿದರು: “ಹಾಗಾದ್ರೆ ಇದೇನೋ?”

ಅಲ್ಲಿತ್ತು, ಗುಲಾಬಿ ಬಣ್ಣದ ತುಂಬು ಕೆಚ್ಚಲು, ತೊಟ್ಟುಗಳ ಸಮೇತ. ಅಪ್ಪನಿಗೂ ಇತ್ತು, ಮಗನಿಗೂ ಇತ್ತು.

‘ಬಾರ್ನ್‌ಯಾರ್ಡ್’ ಚಿತ್ರದ ಈ ಕೆಚ್ಚಲು ಹಳೇ ತಕರಾರು. ಸ್ಟೀವ್ ಓಡೆಕರ್ಕ್ ನಿರ್ದೇಶನದಲ್ಲಿ 2006ರ ಆಗಸ್ಟಿನಲ್ಲಿ ಅದು ತೆರೆಕಂಡಾಗ ಅಮೆರಿಕದ ವಿಮರ್ಶಕರೂ ಇದೇ ಜಾಗಕ್ಕೆ ಬೆರಳಿಟ್ಟಿದ್ದರು. ಓಟಿಸ್‌ಗೆ ದನಿ ಕೊಟ್ಟವರು ಕೆವಿನ್ ಜೇಮ್ಸ್, ಬೆನ್‌ಗೆ ಸ್ಯಾಮ್ ಎಲಿಯಟ್. ಇಬ್ಬರದೂ ಅಪ್ಪಟ ಗಂಡುದನಿ. ಅದಕ್ಕೂ ಮೊದಲು, 2004ರಲ್ಲಿ, ಡಿಸ್ನಿಯವರು ತೆಗೆದ ‘ಹೋಮ್ ಆನ್ ದ ರೇಂಜ್’ನಲ್ಲಿ ಮೂರು ಹಸುಗಳೇ ನಾಯಕಿಯರಾದ್ದರಿಂದ ಈ ರಗಳೆ ಇರಲಿಲ್ಲ. ಓಡೆಕರ್ಕ್ ಮಾತ್ರ ನಾಯಕನಿಗೇ ಕೆಚ್ಚಲು ಕೊಟ್ಟರು. ಅವರ ಚಿತ್ರವನ್ನು ಮುಂದೊಂದು ದಿನ ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನ ಉರಿಗಾಂನವರೊಬ್ಬರು ನೋಡಬಹುದು ಎಂದು ಅವರಿಗೆ ಹೊಳೆದಿರಲಾರದು.

ತಾತನ ಹಕ್ಕೇನು ಕಡಿಮೆಯದಲ್ಲ. ಕೋಲಾರ ಜಿಲ್ಲೆ ಎಂದರೆ ಚಿನ್ನ, ರೇಷ್ಮೆ, ಹಾಲು. ಚಿನ್ನ 2001ರ ಫೆಬ್ರವರಿ 28ಕ್ಕೆ ಮುಗಿಯಿತು; ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಉರಿಗಾಂನ ನಂದಿದುರ್ಗ ಗಣಿಯ ಆಫೀಸಿನಲ್ಲಿದ್ದ ತಾತ ಮನೆಗೆ ಬಂದರು. ಮನೆಯಲ್ಲಿ ಎರಡು ಸೀಮೆಹಸು ಇದ್ದವು. ಡೈರಿಗೆ ಹಾಲು ಹಾಕಿದ ದುಡ್ಡಿನಲ್ಲೇ ಮಗ ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಹೋಗಿ ಇಂಜಿನಿಯರಿಂಗ್ ಓದಿದ. ಓದಿದವನು ಸಿಡ್ನಿಗೆ ಬಂದ. ಹಾಗೆ ನೋಡಿದರೆ ಆ ಮನೆಯ ಸೋಫಾ, ಟೀವಿ, ರಿಮೋಟ್ ಎಲ್ಲವೂ ಕೆಚ್ಚಲಿನಿಂದಲೇ ಬಂದದ್ದು. ಅದನ್ನು ಯಾರೋ ಎತ್ತಿಗೆ ಅಂಟಿಸಿದರೆ ತಾತ ಸುಮ್ಮನಿರಬೇಕೆ?

“ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ!” ಎಂದು ಮಗ, ಸೊಸೆ, ಮೊಮ್ಮಗ ಮೂವರನ್ನೂ ಒಟ್ಟಿಗೇ ಬೈದರು.

ಮೊಮ್ಮಗ ಸುಲಭಕ್ಕೆ ಸೋಲುವವನಲ್ಲ. “ಪುಣ್ಯಕೋಟಿ ಮಾತಾಡ್ತಾಳಲ್ಲ ತಾತ, ಅದು ಓಕೆನಾ? ಟೈಗರ್ ನಾಚ್ಕೊಂಡು ಸಾಯತ್ತಲ್ಲ, ಅದೂ ಓಕೆನಾ?” ರವಿಶಂಕರ್ ಸಂಸ್ಕೃತದಲ್ಲಿ ಮಾಡಿದ ‘ಪುಣ್ಯಕೋಟಿ’ ಆನಿಮೇಷನ್ ಚಿತ್ರವನ್ನು ತಾತನೇ ಅವನಿಗೆ ತೋರಿಸಿದ್ದರು. ಸಂಗೀತ ಇಳಯರಾಜಾ ಅವರದು. ಕೆಜಿಎಫ್‌ನಲ್ಲಿ ಬೆಳೆದವರಿಗೆ ಅಷ್ಟು ಸಾಕು. ಹುಲಿಗೂ ಹಸುವಿಗೂ ಸಂಸ್ಕೃತ ಎಲ್ಲಿಂದ ಬಂತೆಂದು ತಾತ ಅವತ್ತು ಕೇಳಿರಲಿಲ್ಲ.

“ಅದು ನೀತಿ. ಇದು ಕೆಚ್ಚಲು,” ಎಂದರು ತಾತ.

ಇದಕ್ಕಿಂತ ದೊಡ್ಡ ಅಸ್ತ್ರವೂ ಹುಡುಗನ ಹತ್ತಿರ ಇತ್ತು. 2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂದಾಗಿನಿಂದ, ಈ ಹುಡುಗನ ತಾತ ಆ ಊರಿನವರು ಎಂದು ತಿಳಿದ ಕನ್ನಡದ ಮಕ್ಕಳೆಲ್ಲ ಅವರನ್ನು ದೂರದಿಂದ, ಭಯಭಕ್ತಿಯಿಂದ ನೋಡುತ್ತವೆ. ಸೈನೈಡ್ ದಿಬ್ಬದ ಮೇಲೆ ಸೆಟ್ ಹಾಕಿದ್ದು ನಿಜ. ನಾಯಕ ರಾಕಿ, ನರಾಚಿ ಗಣಿ, ಖಳ ಗರುಡ, ಗುಲಾಮರ ಸಾಲು ಎಲ್ಲ ಕಟ್ಟುಕಥೆ. 1956ರಲ್ಲೇ ಗಣಿಗಳು ಸರ್ಕಾರದ ಕೈಗೆ ಬಂದಿದ್ದವು. ಆದರೆ ಒಬ್ಬ ಪುಟ್ಟ ಹುಡುಗಿ “ನಿಮಗೆ ರಾಕಿ ಭಾಯ್ ಗೊತ್ತಿತ್ತಾ?” ಎಂದು ಕೇಳಿದಾಗ ತಾತ ಮೀಸೆ ಸವರಿಕೊಂಡು, “ಪರಿಚಯ, ಅಷ್ಟೇ,” ಎಂದಿದ್ದರು. ಮೊಮ್ಮಗ ಇದನ್ನು ನೆನಪಿಸಿದ. ತಾತನಿಗೆ ಆ ಹೊತ್ತಿಗೆ ಸರಿಯಾಗಿ ಕಿವಿ ಕೇಳಿಸಲಿಲ್ಲ.

ಅಂತೂ ಸೊಸೆ ಚಿತ್ರ ಮುಂದುವರಿಸಿದಳು. ಕಾಯೋಟಿಗಳು ಕೋಳಿಗಳ ಮೇಲೆ ಬಿದ್ದವು, ಕಾವಲಿರಬೇಕಾದ ಓಟಿಸ್ ಮೋಜಿಗೆ ಹೋಗಿದ್ದ, ಬೆನ್ ಒಬ್ಬನೇ ಹೋರಾಡಿ ಸತ್ತ. ತಾತ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಹುಡುಗ ಓರೆಗಣ್ಣಲ್ಲಿ ನೋಡಿದ, ಏನೂ ಅನ್ನದೆ ಕಡಲೆಕಾಯಿ ಬಟ್ಟಲನ್ನು ತಾತನ ಕಡೆ ತಳ್ಳಿದ. ತಾತ ಎರಡು ಕಾಳು ಬಾಯಿಗೆ ಹಾಕಿಕೊಂಡು, “ಒಳ್ಳೇ ಜೀವ,” ಎಂದರು. ಸ್ವಲ್ಪ ತಡೆದು, “ಕೆಚ್ಚಲು ತಪ್ಪೇ,” ಎಂದರು.

ಮರುದಿನ ಬೆಳಿಗ್ಗೆ ಏಳಕ್ಕೆ, ಕಾಫಿಯೂ ಕುಡಿಯದೆ, ಬಂಗಾರಪೇಟೆಯ ಪರಿಚಯದ ದನದ ಡಾಕ್ಟರಿಗೆ ಫೋನ್ ಹಚ್ಚಿದರು. ಅಲ್ಲಿ ರಾತ್ರಿ ಎರಡೂವರೆ. ಡಾಕ್ಟರು ಅಭ್ಯಾಸಬಲದಿಂದ, “ಯಾರ ಮನೆ ಹಸು? ಕಾಲು ಕಾಣಿಸ್ತಿದೆಯಾ, ತಲೆನಾ?” ಎಂದು ಕೇಳಿ ಚಪ್ಪಲಿ ಹುಡುಕತೊಡಗಿದರಂತೆ. ವಿಷಯ ತಿಳಿದ ಮೇಲೂ ಪಾಪ, ಬೈಯಲಿಲ್ಲ. ಗಂಡಿಗೂ ಪುಟ್ಟ ತೊಟ್ಟುಗಳಿರುತ್ತವೆ, ಕೆಚ್ಚಲು ಬೆಳೆಯುವುದಿಲ್ಲ ಎಂದು ತೀರ್ಪು ಕೊಟ್ಟು ಮಲಗಿದರು. ತೊಟ್ಟಿನ ಮಟ್ಟಿಗೆ ತಾನೇ ಗೆದ್ದೆ ಎಂದು ಮೊಮ್ಮಗ, ಕೆಚ್ಚಲಿನ ಮಟ್ಟಿಗೆ ತಾನು ಎಂದು ತಾತ.

ಮಗ ರಾಜಿಗೆ ಬಂದ. “ಬೇಬ್” ನೋಡೋಣ ಅಪ್ಪ, 1995ರ ಚಿತ್ರ, ಹಂದಿ ಮಾತಾಡುತ್ತೆ, ನಿಜವಾದ ಪ್ರಾಣಿಗಳನ್ನೇ ಇಟ್ಟು ತೆಗೆದದ್ದು, ಅದೂ ಇಲ್ಲೇ ಸಿಡ್ನಿಯ ತೆಂಕಣ ರಾಬರ್ಟ್‌ಸನ್ ಎಂಬ ಊರಿನಲ್ಲಿ ಎಂದ. “ನಮ್ಮ ರಾಬರ್ಟ್‌ಸನ್‌ಪೇಟೆಯವನೇ ಇರಬೇಕು,” ಎಂದು ತಾತ ಖುಷಿಯಾದರು. ಎರಡೂ ಬೇರೆ ಬೇರೆ ರಾಬರ್ಟ್‌ಸನ್ ಎಂದು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ.

ಅಷ್ಟು ಹೊತ್ತೂ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಆಗ ಬಾಯಿ ಬಿಟ್ಟರು. “ಕೇಳೋ ಕಂದಾ. ನಿಮ್ಮ ತಾತ ಹಸು ಕರೆದದ್ದು ಒಂದೇ ಒಂದು ಸಲ. ನನಗೆ ಜ್ವರ ಬಂದಿತ್ತು. ಕರಿಹಸು ಒದ್ದಿದ್ದಕ್ಕೆ ಚೊಂಬೂ ಅವರೂ ಬೇರೆ ಬೇರೆ ಕಡೆ ಬಿದ್ದಿದ್ರು. ಆಮೇಲೆ ಅವರ ಕೆಲಸ ಡೈರಿಗೆ ಕ್ಯಾನ್ ಹೊರೋದು, ಲ್ಯಾಕ್ಟೋಮೀಟರ್ ಹತ್ರ ನಿಂತು ಜಗಳ ಆಡೋದು.”

“ನೀನು ಸುಮ್ನಿರೇ,” ಎಂದರು ತಾತ. ದನಿಯಲ್ಲಿ ಹಿಂದಿನ ದಿನದ ಕಸುವಿರಲಿಲ್ಲ.

ಚಳಿಗಾಲದ ರಜೆಯ ಭಾನುವಾರ ಎಲ್ಲರೂ ಊರಾಚೆಯ ಫಾರ್ಮೊಂದಕ್ಕೆ ಹೋದರು. ಹಾಲು ಕರೆಯಲು ಯಾರು ಬರುತ್ತೀರಿ ಎಂದು ಅಲ್ಲಿಯ ಹುಡುಗ ಕೇಳಿದಾಗ ಮೊಮ್ಮಗ ತಾತನನ್ನು ಮುಂದೆ ನೂಕಿದ. ತಾತ ಬಕೆಟ್ ಹಿಡಿದು ನಿಂತರು. ಅಜ್ಜಿ ಸ್ವೆಟರಿನ ತೋಳು ಮೇಲೇರಿಸಿ, ಸ್ಪೋರ್ಟ್ಸ್ ಶೂ ಕಾಣುವಂತೆ ಸೀರೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತರು. ಬೆಚ್ಚನೆಯ ನೀರಲ್ಲಿ ಕೆಚ್ಚಲು ಒರೆಸಿ, ಮೊದಲ ಧಾರೆಯನ್ನು ನೆಲಕ್ಕೆ ಬಿಟ್ಟು, ಆಮೇಲೆ ಎರಡೂ ಕೈಯಲ್ಲಿ ಸರ್ ಸರ್ ಎಂದು ಕರೆದರು. ಫಾರ್ಮಿನ ಹುಡುಗ ಕಲಿಸಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ರಾತ್ರಿ ಉರಿಗಾಂನ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಹೋಯಿತು. ಬರೀ ಕೈ, ಕೆಚ್ಚಲು, ಬಕೆಟ್. ಕೆಳಗೆ ತಾತನ ಬರಹ: “ಸಿಡ್ನಿಯಲ್ಲಿ ಹಾಲು ಕರೆದೆವು.” ಕೈಚಳಕ ಇನ್ನೂ ಹೋಗಿಲ್ಲ ಅಣ್ಣಾ ಎಂದು ಮೂರು ಕಡೆಯಿಂದ ಶಭಾಸ್‌ಗಿರಿ ಬಂತು. ತಾತ ಎಲ್ಲರಿಗೂ ಕೈಮುಗಿಯುವ ಚಿತ್ರ ಕಳಿಸಿ ಮಲಗಲು ಹೋದರು. ಅಜ್ಜಿ ಮೊಮ್ಮಗನ ಕೈಲಿ ಫೋನ್ ಹಿಡಿಸಿ ದನಿಸಂದೇಶ ಬಿಟ್ಟರು: “ಕೈಯಲ್ಲಿರೋ ಬಳೆ ನೋಡ್ರಪ್ಪಾ!”