ಅಕ್ಕಾರ, ಎಳನೀರು ಬ್ಯಾಡ್ರಿ

ಮೊನ್ನೆ ಮುಂಜಾನೆ ಹಿತ್ತಲ ಬೇಲಿಯ ಮೇಲಿಂದ ಬಾಜೂ ಮನೆಯ ಅಕ್ಕಾರು ಎರಡು ಎಳನೀರು ಚಾಚಿದರು. "ನಿಮ್ಮವ್ವಗ ಕೊಡ ತಂಗಿ, ಹೊಟ್ಟಿ ತಂಪಾಗತೈತಿ, ಕಿಡ್ನಿ ತೊಳಿತೈತಿ." ಅವರದೇ ಗಿಡದ ಕಾಯಿ, ಹುಡುಗನನ್ನು ಹತ್ತಿಸಿ ಇಳಿಸಿದ್ದು. ಬೇಡ ಅನ್ನಲು ನಾಲಿಗೆ ಏಳಲಿಲ್ಲ. ಆದರೂ ಹೇಳಿದೆ: "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಅವ್ವಗ ಈಗ ಎಳನೀರು ವಿಷ ಇದ್ದಂಗ."

ಅವರು ಕಾಯಿಗಳನ್ನು ಕೆಳಗಿಟ್ಟು ಬೇಲಿಗೂಟ ಹಿಡಿದು ನಿಂತರು. ನಾನೂ ಸೊಪ್ಪಿನ ಬುಟ್ಟಿ ಇಳಿಸಿದೆ.

ಎಳನೀರಿನಲ್ಲಿ ಪೊಟ್ಯಾಶಿಯಂ ಬಹಳ. ಬಾಳೆಹಣ್ಣು, ಮೋಸಂಬಿ, ಮಾವಿನಲ್ಲೂ ಇದೆ. ಗಟ್ಟಿ ಕಿಡ್ನಿ ಹೆಚ್ಚಾದದ್ದನ್ನು ಮೂತ್ರದಲ್ಲಿ ದಾಟಿಸಿಬಿಡುತ್ತದೆ. ಸೋತ ಕಿಡ್ನಿಗೆ ಆಗದು. ಅದು ರಕ್ತದಲ್ಲೇ ಏರಿದರೆ ಮುನ್ಸೂಚನೆಯಿಲ್ಲದೆ ಹೃದಯದ ಬಡಿತ ತಪ್ಪಿಸಬಲ್ಲದು. ಬಿಪಿಗೆ ಒಳ್ಳೆಯದೆಂದು ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿಯೂ ಸೋಡಿಯಂ ಬದಲು ಪೊಟ್ಯಾಶಿಯಮ್ಮನ್ನೇ ಬೆರೆಸಿರುತ್ತಾರೆ. ಇದನ್ನು ತಿಳಿದಾಗ ನನಗೆ ಎದೆ ಝಲ್ಲೆಂದಿತ್ತು. ಆ ಪೊಟ್ಟಣ ನಮ್ಮ ಅಡುಗೆಮನೆಯಲ್ಲೇ ಇತ್ತು. ಹಾನಗಲ್ಲ ಸೀಮೆಯಲ್ಲಿ ಹುಟ್ಟಿ, ಆಪೂಸಿನ ತೋಟದ ನಡುವೆ ಬೆಳೆದ ಅವ್ವನಿಗೆ ಮೇ ತಿಂಗಳಲ್ಲಿ ಒಂದು ಹೋಳು ಮಾವು ಕೊಡಬೇಕೆಂದರೂ ಹಿಂದಿನ ರಕ್ತಪರೀಕ್ಷೆ ನೋಡಿ ಡಾಕ್ಟರನ್ನು ಕೇಳಬೇಕು.

"ಹಂಗಾರ ಸೊಪ್ಪು?" ಎಂದು ಬುಟ್ಟಿ ತೋರಿಸಿದರು. ಸೊಪ್ಪನ್ನೂ ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಕುದಿಸಿ, ಬಸಿದು, ಆ ನೀರು ಚೆಲ್ಲಬೇಕು. ಪೂರ್ತಿ ಹೋಗದಿದ್ದರೂ ಪೊಟ್ಯಾಶಿಯಂ ಕಡಿಮೆಯಾಗುತ್ತದೆ. ನಮ್ಮ ಮನೆತನದಲ್ಲಿ ಬಸಿದ ನೀರು ಚೆಲ್ಲಿದವರಿಲ್ಲ. ಹೋಳಿಗೆಯ ದಿನ ಬೇಳೆ ಬಸಿದ ಕಟ್ಟಿನಿಂದ ಅವ್ವ ಮಾಡುತ್ತಿದ್ದ ಸಾರು ಮರುದಿನಕ್ಕೆ ಇನ್ನೂ ರುಚಿಯಾಗುತ್ತಿತ್ತು. ಹೋಳಿಗೆಗಿಂತ ಅದಕ್ಕೇ ಜಗಳ. ಮೊದಲ ಸಲ ನಾನು ಕಟ್ಟು ಮೋರಿಗೆ ಸುರಿದಾಗ ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

"ನೀರರ ಜಾಸ್ತಿ ಕುಡಿಸ್ತಿಯೋ ಇಲ್ಲೋ?"

ಅದೂ ಇಲ್ಲ. ಹಿಂದಿನ ದಿನ ಎಷ್ಟು ಮೂತ್ರ ಹೋಗಿದೆಯೋ ಅಷ್ಟು, ಮೇಲೆ ಅರ್ಧ ಲೀಟರ್ ಎಂದು ಅವ್ವನಿಗೆ ಲೆಕ್ಕ ಹಾಕಿಕೊಟ್ಟಿದ್ದಾರೆ. ಬೆಳಗ್ಗೆಯೇ ಅಷ್ಟನ್ನು ತಂಬಿಗೆಯಲ್ಲಿ ತುಂಬಿಡುತ್ತೇನೆ. ಚಹಾ, ಮಜ್ಜಿಗೆ, ಗುಳಿಗೆಯ ಗುಟುಕು, ಯಾವುದು ಕುಡಿದರೂ ಅಷ್ಟು ನೀರು ತಂಬಿಗೆಯಿಂದ ತೆಗೆದುಬಿಡುತ್ತೇನೆ. ಹೆಚ್ಚಾದರೆ ಕಾಲು ಬಾಯುತ್ತದೆ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ. ಸೋದರಮಾವ ಪ್ರೀತಿಯಿಂದ ತಂದ ಸವಣೂರಿನ ಖಾರ ಒಂದು ಮುಷ್ಟಿ ತಿಂದ ದಿನ ಅವ್ವ ಸಂಜೆಯ ತನಕ ನೀರು ನೀರು ಎಂದು ಚಡಪಡಿಸಿದಳು. ಉಪ್ಪು ನೀರನ್ನು ಕರೆಯುತ್ತದೆ.

ಇಷ್ಟಾದರೂ ನನ್ನನ್ನು ಈಗಲೂ ಸುಡುವುದು ಬೇರೆ. ಹೋದ ದೀಪಾವಳಿ ಹೊತ್ತಿಗೆ ಅವ್ವನ ಸಕ್ಕರೆ ತಾನಾಗಿಯೇ ಇಳಿಯತೊಡಗಿತು. 20 ವರ್ಷ ನಮ್ಮನ್ನು ಸತಾಯಿಸಿದ್ದು 110, 100, 90 ಎಂದು ಬಂತು. ಹಿರೇಕೆರೂರಿಗೆ ಕೊಟ್ಟ ನನ್ನ ತಂಗಿ ದುರ್ಗಾದೇವಿಗೆ ಉಡಿ ತುಂಬಿಸಿದಳು. ಊಟದ ಪಥ್ಯ ಫಲಿಸಿತೆಂದು ನಾನೂ ಬೀಗಿದೆ. ಒಂದು ರಾತ್ರಿ ಮೂರಕ್ಕೆ ಅವ್ವನ ಸೀರೆ ಬೆವರಿನಿಂದ ತೊಯ್ದಿತ್ತು, ಮಾತು ತೊದಲುತ್ತಿತ್ತು, ನನ್ನನ್ನು ಸತ್ತುಹೋದ ತನ್ನ ಅಕ್ಕನ ಹೆಸರಿನಿಂದ ಕರೆದಳು. ಮೀಟರಿನಲ್ಲಿ 48.

ಚುಚ್ಚಿದ ಇನ್ಸುಲಿನ್ನನ್ನು ಕರಗಿಸಿ ಮುಗಿಸುವ ಕೆಲಸದಲ್ಲಿ ಕಿಡ್ನಿಯದು ದೊಡ್ಡ ಪಾಲು. ಕಿಡ್ನಿ ಸೋತಾಗ ಅದೇ ಇನ್ಸುಲಿನ್ ಬಹಳ ಹೊತ್ತು ಉಳಿದು ಸಕ್ಕರೆಯನ್ನು ಕೆಳಗೆಳೆಯುತ್ತಲೇ ಇರುತ್ತದೆ. ಕಾಯಿಲೆ ವಾಸಿಯಾಗಿರಲಿಲ್ಲ, ಅಕ್ಕಾರ, ಕಿಡ್ನಿ ಕೈಬಿಡುತ್ತಿತ್ತು. ನಾವು ಆ ಸುದ್ದಿಗೆ ಪೇಡೆ ಹಂಚಿದ್ದೆವು. ಡಾಕ್ಟರು ಇನ್ಸುಲಿನ್ ಅರ್ಧಕ್ಕಿಳಿಸಿದರು, ಮೆಟ್‌ಫಾರ್ಮಿನ್ ನಿಲ್ಲಿಸಿದರು, ಮೊಣಕಾಲಿಗೆ ನುಂಗುತ್ತಿದ್ದ ನೋವಿನ ಗುಳಿಗೆಯನ್ನು ಕಸಕ್ಕೆ ಹಾಕಿಸಿದರು. ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್ ಮತ್ತು ರಕ್ತದ ಕ್ರಿಯೇಟಿನಿನ್ ನೋಡಿಸಬೇಕು. ನಮಗೆ ಅದನ್ನು ಯಾರೂ ಒತ್ತಿ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಈಗ ಡಯಾಲಿಸಿಸ್ ಹತ್ತಿರ ಬಂದಿದೆ. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ತಾಸು. ಹಾನಗಲ್ಲ, ಸವಣೂರು, ಹಿರೇಕೆರೂರಿನವರು ಹುಬ್ಬಳ್ಳಿಗೆ ಹೋಗಿಬರುವುದೆಂದರೆ ಒಂದು ದಿನವೇ ಹೋಯಿತು. ಹೆದ್ದಾರಿಯ ಮೇಲಿರುವ ಶಿಗ್ಗಾವಿಯವರಿಗೆ ತುಸು ಹತ್ತಿರ. 2016ರಲ್ಲಿ ಕೇಂದ್ರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾಗಿ ಬಿಪಿಎಲ್ ಕಾರ್ಡಿನವರಿಗೆ ಉಚಿತವಾಯಿತು. ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಿಗೂ ಯಂತ್ರಗಳು ಬಂದವು. ದೂರದ ದೊಡ್ಡ ಕಟ್ಟಡಕ್ಕಿಂತ ಮನೆಗೆ ಹತ್ತಿರದ ಒಂದು ಹಾಸಿಗೆಯೇ ಇಂಥವರನ್ನು ಉಳಿಸುತ್ತದೆ ಎಂದು ನನ್ನ ನಂಬಿಕೆ. ಹೆದರಿದ ಅವ್ವನಿಗೆ ಒಂದು ಕತೆ ಹೇಳಿದೆ. 1945ರಲ್ಲಿ ನೆದರ್‌ಲ್ಯಾಂಡ್ಸಿನ ಕೋಲ್ಫ್ ಎಂಬ ಡಾಕ್ಟರು ಕಟ್ಟಿಗೆಯ ಉರುಳೆಗೆ ಸೆಲ್ಲೋಫೇನ್ ಕೊಳವೆ ಸುತ್ತಿದ ಯಂತ್ರದಿಂದ ರಕ್ತ ತೊಳೆದು ಮೊದಲು ಬದುಕಿಸಿದ್ದು 67 ವರ್ಷದ ಹೆಣ್ಣುಮಗಳನ್ನು. "ನನ್ನ ವಯಸ್ಸಿನಾಕಿ" ಎಂದಳು ಅವ್ವ, ಮತ್ತೆ ಮತ್ತೆ.

ಕೈಯಲ್ಲಿ ಫಿಸ್ಟುಲಾ ಮೊದಲೇ ಮಾಡಿಸಬೇಕಿತ್ತು. ರಕ್ತನಾಳ ಎರಡನ್ನು ಜೋಡಿಸುವುದು. ಅದು ಬಲಿಯಲು ಒಂದೆರಡು ತಿಂಗಳು ಬೇಕು. ಆ ಕೈಗೆ ಬಿಪಿ ಪಟ್ಟಿ ಇಲ್ಲ, ಭಾರ ಇಲ್ಲ, ಬಿಗಿ ಬಳೆ ಇಲ್ಲ. ಬಳೆ ಅಂದಾಗ ಅವ್ವ ಒಪ್ಪಲಿಲ್ಲ. ಅಪ್ಪ ಬದುಕಿರುವಾಗ ಕೈ ಬರಿದು ಮಾಡುವುದೆಂತು? ಬಳೆ ಒಡೆದರೂ "ಹೆಚ್ಚಿತು" ಅನ್ನುವವರು ನಾವು. ಕೊನೆಗೆ ಅಪ್ಪನೇ ಸಾಬೂನು ನೀರು ಹಚ್ಚಿ ಒಂದೂ ಒಡೆಯದಂತೆ ಎಡಗೈಯ ಹಸಿರು ಬಳೆ ಜಾರಿಸಿ ಬಲಗೈಗೆ ತೊಡಿಸಿದ. ಈಗ ದಿನಾ ಮುಂಜಾನೆ ಆ ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನೋಡುತ್ತಾನೆ. ಬೆಕ್ಕಿನ ಮರಿ ಗುರುಗುಟ್ಟಿದಂತೆ ಒಳಗೆ ರಕ್ತ ಹರಿಯಬೇಕು. "ಐತಿ" ಅಂದ ಮೇಲೆಯೇ ಚಹಾ.

ಅಕ್ಕಾರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಮತ್ತ ನಾ ಏನ್ ತರ್ಲಿ ತಂಗಿ?"

"ಗುರುವಾರ ಸಂಜಿ ಎರಡು ತಾಸು ಬಂದು ಕೂಡ್ರಿ. ಔಷಧಿ ತರಾಕ ಹೋಗಬೇಕು, ಅಪ್ಪನೂ ಹೊಲದಾಗ ಇರತಾನ. ಮಾತಾಡ್ತಾ ಅವ್ವ ಬೆವತ್ರ, ನಾಲಗಿ ತೊದಲಿದ್ರ, ಮೂರು ಚಮಚ ಸಕ್ಕರಿ ಅರ್ಧ ಲೋಟ ನೀರಾಗ ಕಲಸಿ ಕುಡಿಸ್ರಿ, ಕಾಲು ತಾಸಿಗೆ ಮತ್ತ ಮೀಟರ್ ನೋಡ್ರಿ. ನುಂಗಾಕ ಬರದಂಗಾದ್ರ ಬಾಯಿಗೆ ಏನೂ ಹಾಕಬ್ಯಾಡ್ರಿ, 108ಕ್ಕ ಫೋನ್ ಮಾಡ್ರಿ."

"ಸಕ್ಕರಿ ಡಬ್ಬಿ ಎಲ್ಲಿರತೈತಿ?"

"ಅವ್ವನ ತಲಿದಿಂಬಿನ ಬಲಕ್ಕ, ಅಕ್ಕಾರ."