ಹದಿನೆಂಟನೇ ಹುಟ್ಟುಹಬ್ಬದವರಿಗೆ ಒಂದು ಬಹಿರಂಗ ಪತ್ರ

ಆದಿ ಉಡುಪಿ

ಮಾನ್ಯ ಹದಿನೆಂಟನೇ ಹುಟ್ಟುಹಬ್ಬದವರೇ,

ತಾವು ನಮ್ಮ ಮನೆಗೆ ಬಂದು ಹೋದದ್ದಕ್ಕೆ ವಂದನೆಗಳು. ಪಾಯಸ ಮಾಡಿದ್ದೆವು. ಮಳೆಗಾಲವಾದರೂ ನಾಲ್ಕು ದಿನ ಹಿಂದೆಮುಂದೆ ಆಗುವುದುಂಟು, ತಾವು ಆಗುವವರಲ್ಲ. ಯಾವ ತಾರೀಕಿಗೆ ಬರುತ್ತೀರೆಂದು ನನ್ನ ಮಗ ಹುಟ್ಟಿದ ದಿನವೇ ಊರಿಗೆಲ್ಲ ಗೊತ್ತಿತ್ತು. ಆದರೂ ಕಚೇರಿಯವರು, ಬ್ಯಾಂಕಿನವರು, ನೆಂಟರು ಎಲ್ಲರೂ ತಮ್ಮನ್ನು ಕಂಡು ಬೆಚ್ಚಿಬಿದ್ದರು ಮಾರಾಯ್ರೆ!

ನನ್ನ ಮಗನಿಗೆ ಬೌದ್ಧಿಕ ವೈಕಲ್ಯ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಕಾನೂನಿಗೆ ಕೈಮುಗಿಯುತ್ತೇನೆ. ಹತ್ತೊಂಬತ್ತನೇ ವರ್ಷ ಬೆಳಿಗ್ಗೆ ಎದ್ದು ಚೀಲ ಹಿಡಿದು ಎಲ್ಲಿಗೆ ಹೋಗಬೇಕೆಂದು ಮಾತ್ರ ಅವನು ಕೇಳುತ್ತಾನೆ. ಸರ್ಕಾರಿ ಹುದ್ದೆಗೆ ಹೋಗಬಹುದು. ಶೇ. 4 ಮೀಸಲಾತಿಯಿದೆ. ಅದರಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಬಹುವೈಕಲ್ಯ ಇಷ್ಟೂ ಮಂದಿಗೆ ಸೇರಿ ಶೇ. 1. ಅಷ್ಟು ಜನ ಒಂದೇ ಬೆಂಚಿನಲ್ಲಿ ಸ್ವಲ್ಪ ಸರಿದು ಕೂತರಾಯಿತು.

ಬ್ಯಾಂಕಿನ ಕಥೆ ಕೇಳಿ. ದಿನಕ್ಕೆ ಎರಡಾಣೆ ಕೂಡಿಡುವ ಪಿಗ್ಮಿಯನ್ನು 1928ರಲ್ಲೇ ಮನೆಬಾಗಿಲಿಗೆ ತಂದ ಊರು ನಮ್ಮದು. ನಾನೂ ಅವನ ಹೆಸರಿನಲ್ಲಿ ಮೈನರ್ ಖಾತೆ ಮಾಡಿಸಿದ್ದೆ. ತಾವು ಬಂದು ಹೋದ ಮೇಲೆ ಕೌಂಟರಿನವರು ನನ್ನ ಸಹಿ ನೋಡಿ, "ಇನ್ನು ನಿಮ್ಮ ಸಹಿ ನಡೆಯುವುದಿಲ್ಲ ಅಮ್ಮ, ಮಗ ಮೇಜರ್ ಆದ" ಎಂದರು. ಸರಿ, ಅವನೇ ಸಹಿ ಹಾಕಿದ, ಸೊಟ್ಟಗಾದರೂ ಪೂರ್ತಿ ಹೆಸರು. ಅದನ್ನು ನೋಡಿ, "ಇವನ ಸಹಿಯೂ ನಡೆಯುವುದಿಲ್ಲ, ಪಾಪ ಮಗುವಿನ ಹಾಗೆ" ಎಂದರು. ಒಂದೇ ಕೌಂಟರಿನಲ್ಲಿ, ಒಂದೇ ಬಾಯಿಯಲ್ಲಿ.

ಇದಕ್ಕೂ ದಾರಿಯಿದೆ ಎನ್ನಿ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳು, ಒಂದು ಸಂಸ್ಥೆಯವರು, ಒಬ್ಬ ವಿಕಲಚೇತನರು ಇರುವ ಸ್ಥಳೀಯ ಮಟ್ಟದ ಸಮಿತಿಯಿಂದ ಪಾಲಕತ್ವದ ಪತ್ರ ಪಡೆಯಬೇಕು. ಹೆತ್ತು ಹದಿನೆಂಟು ವರ್ಷ ಸಾಕಿದವಳು ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತಿ, ಸ್ವಂತ ಮಗನನ್ನು ತನಗೆ ಕೊಡಿಸಿ ಎಂದು ಅರ್ಜಿ ಹಾಕುವುದು. 2016ರ ಕಾಯ್ದೆಯಲ್ಲಿ ಇದಕ್ಕಿಂತ ಮರ್ಯಾದೆಯ ಮಾತಿದೆ: ಸೀಮಿತ ಪಾಲಕತ್ವ, ಅಂದರೆ ಬೇಕಾದ ವಿಷಯಕ್ಕೆ, ಬೇಕಾದಷ್ಟು ಕಾಲ, ಅವನೂ ನಾನೂ ಕೂತು ತೀರ್ಮಾನಿಸುವುದು. ಅದನ್ನು ಕೌಂಟರಿನಲ್ಲಿ ಹೇಳಿದೆ. ಅವರು ನನ್ನನ್ನೂ ಪಾಪ ಎಂಬಂತೆ ನೋಡಿದರು.

ನೆಂಟರಿಗಂತೂ ಇಂಥವರು ದೇವರ ಮಕ್ಕಳು. ದೇವರ ಮಕ್ಕಳಿಗೆ ವಯಸ್ಸಾಗುವುದಿಲ್ಲ. ಮೀಸೆ ಬಂದವನಿಗೆ ಅಷ್ಟಮಿಯ ದಿನ ನವಿಲುಗರಿ ಸಿಕ್ಕಿಸಿ ಮುದ್ದುಕೃಷ್ಣ ಮಾಡಲು ನನ್ನ ಅತ್ತಿಗೆ ಈ ವರ್ಷವೂ ಬಣ್ಣದ ಡಬ್ಬಿ ಹಿಡಿದು ಬಂದಿದ್ದರು. ಡಿಸೆಂಬರ್ 3ರಂದು ವಿಕಲಚೇತನರ ದಿನಾಚರಣೆ. ಮೂವತ್ತು ದಾಟಿದವರೂ ಬಕೆಟ್ಟಿಗೆ ಚೆಂಡು ಹಾಕಿ ಸ್ಟೀಲ್ ಲೋಟ ಗೆಲ್ಲುತ್ತಾರೆ. ಅತಿಥಿಗಳು ಭಾವುಕರಾಗುತ್ತಾರೆ, ಕಾರಿಗೆ ತಡವಾಗುತ್ತದೆ.

ಇವರನ್ನು ವಯಸ್ಕರೆಂದು ಮನಸಾರೆ ಒಪ್ಪುವುದು ಚುನಾವಣೆ ಒಂದೇ. 2024ರ ಏಪ್ರಿಲ್ 26ರಂದು ಮತಗಟ್ಟೆಗೆ ರ‍್ಯಾಂಪು ಬಂತು, ಗಾಲಿಕುರ್ಚಿ ಬಂತು, ದೂಡಲು ಸ್ವಯಂಸೇವಕರು ಬಂದರು. 27ನೇ ತಾರೀಕಿನಿಂದ ಇವರೆಲ್ಲ ಮತ್ತೆ ಮಕ್ಕಳು.

ಪಾಂಬೂರಿನ ಮಾನಸ, ಕಾರ್ಕಳದ ವಿಜೇತದಂಥ ವಿಶೇಷ ಶಾಲೆಗಳಲ್ಲಿ ಟೀಚರುಗಳು ಪಡುವ ಪಾಡು ನನಗೆ ಗೊತ್ತು. ಅವರನ್ನು ದೂರುತ್ತಿಲ್ಲ. ಕಾಗದದ ಲಕೋಟೆ, ಮೇಣದಬತ್ತಿ ಮಾಡಲು ಕಲಿಸಬಹುದು. ಕಲಿತವನನ್ನು ಕೆಲಸಕ್ಕೆ ಕರೆಯಬೇಕಾದವರು ಊರಿನವರಲ್ಲವೇ? ಬೀದಿಗೊಂದು ಹೋಟೆಲು ಇರುವ ಊರಿದು. ದೇಶವಿಡೀ ದೋಸೆ ಮಾರಿದವರಿಗೆ ಬಾಳೆಲೆ ಒರೆಸಲು ಒಬ್ಬ ಹುಡುಗ ಬೇಡವಾದನೇ?

ನನ್ನ ಮಗನಿಗೆ ಹೋಟೆಲೂ ಬೇಡ, ಮೇಣದಬತ್ತಿಯೂ ಬೇಡ. ಏನು ಮಾಡುತ್ತೀ ಎಂದು ಹದಿನೆಂಟು ವರ್ಷದಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ. ಮೊನ್ನೆ ಕೇಳಿದರೆ, ಮಲ್ಪೆಗೆ ಹೋಗುವ ಸಿಟಿ ಬಸ್ಸಿನ ಬಾಗಿಲಲ್ಲಿ ನಿಂತು "ರೈಟ್ ಪೋಯಿ" ಎನ್ನಬೇಕಂತೆ. ಯಾವ ಬಸ್ಸು ಎಷ್ಟು ಹೊತ್ತಿಗೆ ಎಂಬುದು ಬಸ್ಸಿನವರಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಆಗಬಹುದೋ ಇಲ್ಲವೋ, ಹನ್ನೆರಡನೇ ವಯಸ್ಸಿನಲ್ಲಿ ಕೇಳಿದ್ದರೆ ನೋಡಲು ಆರು ವರ್ಷ ಸಿಗುತ್ತಿತ್ತು. ಅಮೆರಿಕದಲ್ಲಿ ಮಗು 16 ತುಂಬುವಷ್ಟರಲ್ಲಿ, ಮುಂದಿನ ಓದು, ಕೆಲಸ, ವಾಸ ಹೇಗೆಂದು ಶಾಲೆಯೇ ಮಗುವಿನ ಜೊತೆ ಕೂತು ಬರೆದಿಡಬೇಕೆಂದು ಕಾನೂನಿದೆಯಂತೆ. ಅಲ್ಲಿಯೂ ಎಲ್ಲ ಸರಿಯಿರಲಿಕ್ಕಿಲ್ಲ. ಬರೆದಿಟ್ಟ ಒಂದು ಕಾಗದವಾದರೂ ಇದ್ದರೆ ಕಿಸೆಯಿಂದ ತೆಗೆದು ತೋರಿಸಿ ಜಗಳ ಮಾಡಬಹುದು.

ಹಾಗಾಗಿ ಒಂದು ವಿನಂತಿ. ತಮ್ಮ ಮುಂದಿನ ಸವಾರಿ ಕಾಪುವಿನಲ್ಲಿರುವ ನನ್ನ ತಂಗಿಯ ಮನೆಗೆ. ಅಲ್ಲಿಯ ಹುಡುಗಿಯೂ ನನ್ನ ಮಗನ ಹಾಗೆಯೇ, ಅವಳಿಗೆ ಈಗ ಹದಿನಾಲ್ಕು. ಬರುತ್ತಿದ್ದೇನೆ, ಏನು ತರಲಿ ಎಂದು ಇವತ್ತೇ ಒಂದು ಕಾರ್ಡು ಹಾಕಿ. ಕಾರ್ಡು ಅವಳ ಹೆಸರಿಗೇ ಇರಲಿ. ನನ್ನ ತಂಗಿಗೆ ಬರೆದು ಪ್ರಯೋಜನವಿಲ್ಲ, ಅವಳಿನ್ನೂ ಗೊಂಬೆ ಚಿತ್ರದ ಫ್ರಾಕು ಹೊಲಿಸುತ್ತಿದ್ದಾಳೆ.

ಇತಿ,
ವಯಸ್ಕನೊಬ್ಬನ ಅಮ್ಮ