ಹಾರನ್ ಅಣ್ಣನ ನಾಮಕರಣ

ಮಾದಾಪುರದಲ್ಲಿ ಬಸ್ಸಿಳಿದು "ಇಲ್ಲಿ ಬೋಪಣ್ಣ ಅಂತ ಒಬ್ಬರು..." ಎಂದು ಶುರುಮಾಡಿದರೆ ನಿಮ್ಮ ಮಾತು ಮುಗಿಯುವ ಮೊದಲೇ "ಯಾವ ಬೋಪಣ್ಣ?" ಎಂಬ ಪ್ರಶ್ನೆ ಬರುತ್ತದೆ. ಕೊಡಗಿನಲ್ಲಿ ಬೋಪಣ್ಣ, ಕಾರ್ಯಪ್ಪ, ಗಣಪತಿ, ಪೂವಯ್ಯ ಮುಂತಾದ ಹೆಸರುಗಳು ತಾತನಿಂದ ಮೊಮ್ಮಗನಿಗೆ ತೋಟದ ಜೊತೆಗೇ ಬರುತ್ತವೆ. ತೋಟವಾದರೂ ಪಾಲಾಗುತ್ತ ಪಾಲಾಗುತ್ತ ಚಿಕ್ಕದಾಗುತ್ತದೆ. ಹೆಸರು ಪಾಲಾಗುವುದಿಲ್ಲ, ಅಣ್ಣತಮ್ಮಂದಿರ ಮಕ್ಕಳೆಲ್ಲರಿಗೂ ಇಡಿಯಾಗಿಯೇ ಸಿಗುತ್ತದೆ. ಟೆನಿಸ್ ಬೋಪಣ್ಣನ ವಿಷಯ ಬೇರೆ. 2024ರ ಜನವರಿಯಲ್ಲಿ, ನಲವತ್ತಮೂರು ದಾಟಿದ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ರೋಹನ್ ಬೋಪಣ್ಣ ನಮ್ಮ ಮಾದಾಪುರದ ಕಾಫಿ ಬೆಳೆಗಾರರ ಮಗ. ಉಳಿದ ಬೋಪಣ್ಣಂದಿರು ಆಸ್ಟ್ರೇಲಿಯಾಕ್ಕೆ ಹೋಗಿ ಏನನ್ನೂ ಗೆದ್ದು ಬಂದವರಲ್ಲವಾದ್ದರಿಂದ ಅವರನ್ನು ಗುರುತಿಸಲು ಊರೇ ಏನಾದರೊಂದು ದಾರಿ ಹುಡುಕಬೇಕು.

ಮನೆಹೆಸರು ಇದೆಯಲ್ಲ ಎನ್ನಬಹುದು. ಇದೆ. ಲಗ್ನಪತ್ರಿಕೆಗೆ, ಪಹಣಿಗೆ, 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಅದು ಬೇಕೇ ಬೇಕು. ಅಲ್ಲಿ ತಂಡಗಳು ಆಡುವುದೇ ಮನೆಹೆಸರಿನಲ್ಲಿ. ಆದರೆ ಮಳೆಗಾಲದ ಸಂಜೆ ಅಂಗಡಿ ಜಗಲಿಯಲ್ಲಿ ನಿಂತು ರಸ್ತೆಯಾಚೆಗಿನವನನ್ನು ಕೂಗಬೇಕಾದಾಗ ಅಷ್ಟುದ್ದ ಹೆಸರು ಯಾರಿಗೆ ಬೇಕು? ಆಗ ಅಡ್ಡಹೆಸರು ಹುಟ್ಟುತ್ತದೆ.

ಇದರಿಂದ ದೊಡ್ಡವರೂ ತಪ್ಪಿಸಿಕೊಂಡಿಲ್ಲ. ನಮ್ಮದೇ ಸೋಮವಾರಪೇಟೆ ಸೀಮೆಯ ಶನಿವಾರಸಂತೆಯಲ್ಲಿ 1899ರಲ್ಲಿ ಹುಟ್ಟಿದ ಕೆ. ಎಂ. ಕಾರ್ಯಪ್ಪನವರು ಫತೇಗಢದಲ್ಲಿದ್ದಾಗ, ಒಬ್ಬ ಬ್ರಿಟಿಷ್ ಅಧಿಕಾರಿಯ ಹೆಂಡತಿಗೆ 'ಕಾರ್ಯಪ್ಪ' ಎನ್ನಲು ನಾಲಗೆ ಹೊರಳಲಿಲ್ಲವಂತೆ. ಆಕೆ ಸುಲಭ ಮಾಡಿಕೊಂಡು 'ಕಿಪ್ಪರ್' ಎಂದಳು. ಕಿಪ್ಪರ್ ಎಂದರೆ ಅವರ ದೇಶದಲ್ಲಿ ಬೆಳಗಿನ ತಿಂಡಿಗೆ ತಿನ್ನುವ ಹೊಗೆಗೆ ಹಿಡಿದ ಮೀನು. 1949ರ ಜನವರಿ 15ರಂದು ಅವರು ಭಾರತ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು, 1986ರಲ್ಲಿ ಫೀಲ್ಡ್ ಮಾರ್ಷಲ್ ಆದರು, ಮೀನು ಮಾತ್ರ ಕೊನೆಯವರೆಗೂ ಜೊತೆಗೇ ಇತ್ತು. ಇಡೀ ಸೈನ್ಯ ಕೈಕೆಳಗಿದ್ದವರೇ ಒಂದು ಅಡ್ಡಹೆಸರನ್ನು ಹಿಮ್ಮೆಟ್ಟಿಸಲಾರದೆ ಹೋದ ಮೇಲೆ ಹಳೆಯ ಜೀಪೊಂದನ್ನು ನಂಬಿ ಬದುಕುವ ನಮ್ಮ ಹಾರನ್ ಅಣ್ಣನ ಪಾಡೇನು!

ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಊರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ವಯಸ್ಸು ಐವತ್ತರ ಆಸುಪಾಸು. ಕೆಲಸ ಜೀಪ್ ಬಾಡಿಗೆ: ಕಾಫಿ ಮೂಟೆ, ಕಾಳುಮೆಣಸು, ಗೊಬ್ಬರ, ಮದುವೆಯ ನೆಂಟರು, ಹೆರಿಗೆಗೆ ಹೊರಟವರು. ಸ್ವಭಾವದಲ್ಲಿ ಮಹಾಮೌನಿ. ಬಾಡಿಗೆ ಎಷ್ಟೆಂದು ಕೇಳಿದರೆ ಬೆರಳಲ್ಲಿ ತೋರಿಸುತ್ತಾರೆ. ಅಂಗಳಕ್ಕೆ ಬಂದ ನಾಯಿಯನ್ನು ಓಡಿಸಬೇಕಾದರೂ ಎದ್ದು ಹತ್ತಿರ ಹೋಗಿ ನಿಲ್ಲುತ್ತಾರೆಯೇ ಹೊರತು 'ಹಚಾ' ಎನ್ನುವುದಿಲ್ಲ. ಇಂಥವರಿಗೆ ಜಗತ್ತಿನ ಜೊತೆ ಮಾತಾಡಲು ಇದ್ದದ್ದು ಸ್ಟಿಯರಿಂಗಿನ ನಡುವಿನ ಆ ಒಂದು ಗುಂಡಿ.

ನಮ್ಮ ರಸ್ತೆ ಗೊತ್ತಿಲ್ಲದವರಿಗೆ ಇದು ಅರ್ಥವಾಗುವುದು ಕಷ್ಟ. ಮಡಿಕೇರಿಗೆ ಹೋಗಿ, ಸೋಮವಾರಪೇಟೆಗೆ ಹೋಗಿ, ಸುಂಟಿಕೊಪ್ಪಕ್ಕೆ ಹೋಗಿ, ತಿರುವು ತಪ್ಪಿದ್ದಲ್ಲ. ಒಂದು ಬದಿಗೆ ಬರೆ, ಇನ್ನೊಂದು ಬದಿಗೆ ಕಾಫಿ ಗಿಡವೋ ಹೊಳೆಯೋ, ನಡುವೆ ಎದುರಿನಿಂದ ಏನು ಬರುತ್ತದೆಂದು ದೇವರಿಗೇ ಗೊತ್ತು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿ ಹಟ್ಟಿಹೊಳೆ, ಮಕ್ಕಂದೂರು ಕಡೆಯ ರಸ್ತೆ ಅಲ್ಲಲ್ಲಿ ಕುಸಿದುಹೋದ ಮೇಲಂತೂ ಇರುವ ರಸ್ತೆಯ ಮೇಲಿನ ನಂಬಿಕೆಯೂ ಅರ್ಧಕ್ಕೆ ಇಳಿಯಿತು. ಆದ್ದರಿಂದ ತಿರುವಿಗೆ ಒಂದು ಹಾರನ್, ಕುರುಡು ತಿರುವಿಗೆ ಎರಡು. ಆ ಕಡೆಯಿಂದ ಉತ್ತರ ಬಂದರೆ ಎಡಕ್ಕೆ ಒತ್ತಿ ನಿಲ್ಲಬೇಕು. ಏರು ಹತ್ತುವವನಿಗೆ ಇಳಿಯುವವನು ದಾರಿ ಬಿಡಬೇಕು. ದಾಟುವಾಗ ಥ್ಯಾಂಕ್ಸ್ ಎನ್ನುವುದಕ್ಕೂ ಒಂದು ಚಿಕ್ಕ ಪೀಂ. ಈ ಶಿಷ್ಟಾಚಾರವನ್ನು ಅಣ್ಣ ಬಹಳ ವರ್ಷ ಎಷ್ಟು ನಿಷ್ಠೆಯಿಂದ ಪಾಲಿಸಿದ್ದರೆಂದರೆ ಅದು ತಲೆಯಿಂದ ಇಳಿದು ಬಲಗೈ ಹೆಬ್ಬೆರಳಿಗೆ ಹೋಗಿ ಸೇರಿಬಿಟ್ಟಿತ್ತು. ಜೊತೆಗೆ ಜೀಪಿನ ಸ್ವಂತ ಹಾರನ್ ಸತ್ತಾಗ ಗುಜರಿಯಿಂದ ತಂದು ಕೂರಿಸಿದ್ದು ಲಾರಿಯದು.

ಇನ್ನು ರೇಸು. ನಮ್ಮ ಜಿಲ್ಲೆಯಲ್ಲಿ ರೇಸ್ ಟ್ರ್ಯಾಕ್ ಎಂದರೆ ಗದ್ದೆ. ಭತ್ತದ ಕೊಯ್ಲು ಮುಗಿದು ನೆಲ ಒಣಗಿ, ಮಳೆ ಇನ್ನೂ ದೂರವಿರುವಾಗ, ಬದು ತಟ್ಟಿ, ಟೇಪು ಕಟ್ಟಿ, ತಿರುವು ತಿರುವಿಗೆ ಗುರುತು ನೆಟ್ಟರೆ ಆಟೋಕ್ರಾಸ್ ಸಿದ್ಧ. ಒಂದು ಸಲಕ್ಕೆ ಒಂದೇ ಗಾಡಿ ಓಡುತ್ತದೆ, ಎದುರಾಳಿ ಏನಿದ್ದರೂ ಗಡಿಯಾರ. ಗುರುತಿಗೆ ತಾಗಿದರೆ ಸಮಯಕ್ಕೆ ದಂಡದ ಸೆಕೆಂಡು ಸೇರಿಸುತ್ತಾರೆ. ತಲೆಗೆ ಹೆಲ್ಮೆಟ್, ಎದೆಗೆ ಬೆಲ್ಟ್. ಜಿಪ್ಸಿ, ಮಾರುತಿ 800, ಜೀಪ್ ಎಲ್ಲಕ್ಕೂ ಬೇರೆ ಬೇರೆ ವರ್ಗ. ಧೂಳು ಎಲ್ಲ ವರ್ಗಕ್ಕೂ ಒಂದೇ.

ಅಣ್ಣನ ಹೆಸರನ್ನು ಜೀಪ್ ವರ್ಗಕ್ಕೆ ಕೊಟ್ಟವನು ಅವರ ಅಳಿಯ. ಮಾವ ನೋಡಲೆಂದು ಬಂದವರು. "ಹೆಸರು ಕೊಟ್ಟಾಗಿದೆ ಮಾವ, ದುಡ್ಡೂ ಕಟ್ಟಿದ್ದೇನೆ" ಎಂದಾಗ, ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಹೆಲ್ಮೆಟ್ ಹಾಕಿಕೊಂಡರು. ಪಂಚೆಯಲ್ಲಿದ್ದರು, ಯಾರದೋ ಪ್ಯಾಂಟು ಸಿಕ್ಕಿತು.

ಬಾವುಟ ಬಿತ್ತು. ಜೀಪು ಚೆನ್ನಾಗಿಯೇ ಹೊರಟಿತು. ಮೊದಲ ತಿರುವು ಬಂದದ್ದೇ "ಪೋಂ!"

ಟೇಪಿನ ಹಿಂದೆ ನಿಂತಿದ್ದವರೆಲ್ಲ ಬೆಚ್ಚಿ ಗದ್ದೆಯೊಳಗೆ ದನವೇನಾದರೂ ನುಗ್ಗಿತೇ ಎಂದು ನೋಡಿದರು. ಏನೂ ಇಲ್ಲ. ಎರಡನೆಯ ತಿರುವಿಗೆ "ಪೋಂ ಪೋಂ!" ಅದರ ಜೊತೆಗೆ ಎಡಗಡೆಯ ಇಂಡಿಕೇಟರ್ ಕೂಡ. ಪೂರ್ತಿ ಹಿಂದಕ್ಕೆ ಹೊರಳುವ ದೊಡ್ಡ ತಿರುವು ಬಂದಾಗ ಲಾರಿ ಹಾರನ್ ಎಷ್ಟು ಹೊತ್ತು ಕೂಗಿತೆಂದರೆ ಆಚೆ ದಡದ ತೋಟದಲ್ಲಿ ಮೆಣಸು ಕೊಯ್ಯುತ್ತಿದ್ದವರು ಏಣಿಯಿಂದ ಇಳಿದು ಬಂದರು. ಇಡೀ ಗದ್ದೆಯಲ್ಲಿ ಓಡುತ್ತಿದ್ದ ವಾಹನ ಅದೊಂದೇ. ಆದರೂ ಒಂದು ತಿರುವನ್ನೂ ಅಣ್ಣ ಹೇಳದೆ ಕೇಳದೆ ದಾಟಲಿಲ್ಲ. ಮೈಕಿನವನಿಗೆ ಇನ್ನು ತಡೆಯಲಾಗಲಿಲ್ಲ: "ಸರಿಯಿರಿ, ಸರಿಯಿರಿ, ಸೋಮವಾರಪೇಟೆ ಬಸ್ಸು ಬಂತು! ಹಾರನ್ ಅಣ್ಣ ಬಂದ್ರು, ಹಾರನ್ ಅಣ್ಣ!"

ಮುಕ್ತಾಯದ ಗೆರೆ ದಾಟಿದ ಮೇಲೆ ಅಣ್ಣ ಕಿಟಕಿಯಿಂದ ಕೈ ಹೊರಗೆ ಹಾಕಿ, ಹಿಂದೆ ಬರುತ್ತಿರುವ ಗಾಡಿಗೆ ನಿಧಾನಿಸೆಂದು ಸನ್ನೆ ಮಾಡಿ, ನಿಲ್ಲಿಸಿದರು. ಒಂದು ಗುರುತಿಗೂ ತಾಗಿರಲಿಲ್ಲ. ಸಮಯ ಮಾತ್ರ ಕೊನೆಯಿಂದ ಎರಡನೆಯದು. ಗೆದ್ದವನು ಯಾರೆಂದು ಈಗ ಯಾರನ್ನು ಕೇಳಿದರೂ ತಲೆ ಕೆರೆಯುತ್ತಾರೆ.

ಫಾರ್ಮುಲಾ ಒನ್ ಕಾರಿಗೆ ಹಾರನ್ನೇ ಇರುವುದಿಲ್ಲ ಎಂಬುದನ್ನು ಅಣ್ಣನಿಗೆ ಹೇಳಿದವನು ನಾನೇ. "ಮತ್ತೆ ತಿರುವಲ್ಲಿ ಎಂತ ಮಾಡ್ತಾರೆ?" ಎಂದರು. ಅವರ ಬಾಯಿಂದ ಅಷ್ಟುದ್ದದ ವಾಕ್ಯ ಬಂದದ್ದು ನೋಡಿ ಹುರುಪಾಗಿ ಸಮಾಧಾನದ ಕಥೆಗಳನ್ನೂ ಹೇಳಿದೆ. ಜೇಮ್ಸ್ ಹಂಟ್ ಎಂಬ ಇಂಗ್ಲಿಷಿನವನು ಚಿಕ್ಕ ರೇಸುಗಳಲ್ಲಿ ಗುದ್ದಾಡುತ್ತಿದ್ದ ಕಾಲದಲ್ಲಿ ಪ್ರಾಸ ಕೂಡುತ್ತದೆಂದು 'ಹಂಟ್ ದ ಶಂಟ್' ಎಂದು ಕರೆದರು. ನಮ್ಮ ಮಾತಿನಲ್ಲಿ ಗುದ್ದುವ ಹಂಟ್. 1976ರಲ್ಲಿ ಅವನು ವಿಶ್ವ ಚಾಂಪಿಯನ್ನನೇ ಆದ. ಪ್ರಾಸ ಚೆನ್ನಾಗಿದ್ದುದರಿಂದ ಹೆಸರು ಹೋಗಲಿಲ್ಲ. ಅಲೈನ್ ಪ್ರಾಸ್ಟ್‌ನಂಥ ಲೆಕ್ಕಾಚಾರದವನಿಗೆ 'ಪ್ರೊಫೆಸರ್' ಎಂಬ ಮರ್ಯಾದೆಯ ಹೆಸರು ಸಿಕ್ಕಿತೆನ್ನಿ, ಆದರೆ ಅಂಥವರು ಕಡಿಮೆ. ನನಗೆ ಇಷ್ಟವಾದವನು ಇಟಲಿಯ ವಿಟ್ಟೋರಿಯೋ ಬ್ರಾಂಬಿಲ್ಲ. ಒರಟು ಓಟಕ್ಕೆ 'ಮೊಂಜಾದ ಗೊರಿಲ್ಲಾ' ಎಂದು ಹೆಸರಾಗಿದ್ದವನು. 1975ರಲ್ಲಿ ಆಸ್ಟ್ರಿಯಾದ ಭಾರಿ ಮಳೆಯಲ್ಲಿ ತನ್ನ ಜೀವನದ ಒಂದೇ ಒಂದು ಗ್ರ್ಯಾನ್ ಪ್ರಿ ಗೆದ್ದ. ಗೆದ್ದ ಖುಷಿಗೆ ಸ್ಟಿಯರಿಂಗ್ ಬಿಟ್ಟು ಕೈ ಮೇಲೆತ್ತಿದ. ಕಾರು ಗಿರಕಿ ಹೊಡೆದು ತಡೆಗೋಡೆಗೆ ಬಡಿಯಿತು. ಮೂತಿ ಜಜ್ಜಿದ ಕಾರಿನಲ್ಲೇ ಕೈ ಬೀಸುತ್ತ ವಿಜಯದ ಸುತ್ತು ಹಾಕಿದ.

ಅಣ್ಣ ಕೇಳಿಸಿಕೊಂಡು "ಹ್ಞೂಂ" ಎಂದರು.

ಗದ್ದೆ ಎಂದಾಗ ಕರಾವಳಿಯವರು ಸುಮ್ಮನಿರುವುದಿಲ್ಲ, ಅವರದು ಕಂಬಳ. ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕಟ್ಟಡ ಕೆಲಸದ ನಡುವೆ ಕೋಣ ಓಡಿಸುವವರು. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಸೆಕೆಂಡ್ ಎಂದರು. ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58. ಬೆಳಗಾಗುವುದರೊಳಗೆ ಅವರು ಉಸೇನ್ ಬೋಲ್ಟ್ ಆಗಿಬಿಟ್ಟರು. ಕೇಂದ್ರದ ಕ್ರೀಡಾ ಸಚಿವರು ಬೆಂಗಳೂರಿಗೆ ಬಂದು ಓಡಿ ತೋರಿಸಿ ಎಂದರು. ಅವರು ಒಲ್ಲೆನೆಂದು, ಓಡಿದ್ದರಲ್ಲಿ ಕೋಣಗಳ ಪಾಲೂ ಇದೆ ಎಂಬ ನ್ಯಾಯದ ಮಾತು ಹೇಳಿದರು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿಗೆ ಓಡಿದರು. ಲೆಕ್ಕ ಪ್ರಕಾರ ಬೋಲ್ಟ್ ಎಂಬ ಹೆಸರು ಅವತ್ತೇ ಅವರಿಗೆ ವರ್ಗಾವಣೆಯಾಗಬೇಕಿತ್ತು. ಆಗಲಿಲ್ಲ. ಮೊದಲು ಅಂಟಿದವರಿಗೇ ಅಂಟಿಕೊಂಡಿದೆ.

ಇತ್ತ ಮಾದಾಪುರದಲ್ಲಿ ಹೆಸರು ಗದ್ದೆ ದಾಟಿ ಮನೆ ಸೇರಿತು. ಅವರ ಹೆಂಡತಿ ಹಾರನ್ ಅತ್ತಿಗೆ, ಕಾಲೇಜಿಗೆ ಹೋಗುವ ಮಗಳು ಹಾರನ್ ಅಣ್ಣನ ಮಗಳು, ಅವರ ಮನೆಗೆ ಇಳಿಯುವ ದಾರಿ ಹಾರನ್ ತಿರುವು. ಹೊಸದಾಗಿ ಬಂದ ಕೊರಿಯರ್ ಹುಡುಗ ಅಂಗಡಿಯಲ್ಲಿ "ಹಾರೂನ್ ಸಾಹೇಬರ ಮನೆ ಯಾವುದು?" ಎಂದು ಕೇಳಿದ್ದನ್ನೂ ನಾನು ಕಂಡಿದ್ದೇನೆ. ಯಾರೂ ತಿದ್ದಲಿಲ್ಲ, ಮನೆ ತೋರಿಸಿದರು. ಅತ್ತಿಗೆಯದು ಮಾತ್ರ ಒಂದೇ ಗೊಣಗು: "ಮನೇಲಿ ಈ ಮನುಷ್ಯನ ಬಾಯಿಂದ ಒಂದು ಸ್ವರ ಕೇಳಿದವಳಲ್ಲ ನಾನು. ಹೆಸರು ನೋಡಿದ್ರೆ ಹಾರನ್ ಅಂತೆ!"

ಮುಂದಿನ ವರ್ಷ ಅಣ್ಣ ತಾವಾಗಿಯೇ ಹೆಸರು ಕೊಟ್ಟರು. ಈ ಸಲ ಸಿದ್ಧತೆ ಜೋರಿತ್ತು. ಹಿಂದಿನ ರಾತ್ರಿ ಬಾನೆಟ್ ಎತ್ತಿ ಹಾರನ್ನಿನ ವಯರನ್ನೇ ಕಿತ್ತು ಟೇಪು ಸುತ್ತಿದರು. ಇಂಡಿಕೇಟರಿನ ಕಡ್ಡಿಯನ್ನೂ ಕಟ್ಟಿಹಾಕಿದರು. ಸ್ವಂತ ಪ್ಯಾಂಟು. ಬಾವುಟ ಬಿತ್ತು, ಜೀಪು ಹಾರಿತು. ನಾನು ಮೊದಲ ತಿರುವಿನ ಟೇಪಿನ ಹತ್ತಿರವೇ ನಿಂತಿದ್ದೆ. ಹೆಬ್ಬೆರಳು ಸ್ಟಿಯರಿಂಗಿನ ನಡುವೆ ಒತ್ತಿದ್ದು ಕಣ್ಣಾರೆ ಕಂಡೆ, ಸದ್ದಿಲ್ಲ. ಜನಕ್ಕೆ ನಿರಾಸೆಯಾಯಿತು. ದುಡ್ಡು ಕೊಟ್ಟು ಒಳಗೆ ಬಂದವರು, ಅವರ ಹಕ್ಕು ಅವರು ಬಿಡುತ್ತಾರೆಯೇ? ದೊಡ್ಡ ತಿರುವಿಗೆ ಜೀಪು ಬಂದ ಹೊತ್ತಿಗೆ ಅಲ್ಲಿ ಸೇರಿದ್ದ ಹುಡುಗರೆಲ್ಲ ಒಟ್ಟಾಗಿ ಬಾಯಿಗೆ ಕೈ ಇಟ್ಟು ಗದ್ದೆ ಅದುರುವ ಹಾಗೆ ಕೂಗಿದರು: "ಪೋಂ! ಪೋಂ!"

ಅಣ್ಣ ಗಕ್ಕನೆ ಬ್ರೇಕ್ ಒತ್ತಿ, ಎಡಕ್ಕೆ ಎಳೆದು, ಗುರುತಿನ ಪಕ್ಕ ಒತ್ತಾಗಿ ನಿಂತರು. ಗಡಿಯಾರ ಓಡುತ್ತಿತ್ತು. ಮೈಕಿನವನು ಕುರ್ಚಿಯಿಂದ ಕೆಳಗೆ ಬಿದ್ದಿದ್ದ. ಅಳಿಯ ಓಡಿಹೋಗಿ ಜೀಪಿನ ಪಕ್ಕ ನಿಂತು "ಎಂತಾಯ್ತು ಮಾವ? ಹೋಗಿ, ಹೋಗಿ!" ಎಂದು ಕಿರುಚಿದ.

ಅಣ್ಣ ಹೆಲ್ಮೆಟ್ಟಿನ ಗಾಜು ಎತ್ತಿ ತಿರುವಿನ ಕಡೆ ಕೈ ತೋರಿಸಿ ಹೇಳಿದರು: "ಇರು ಮಾರಾಯ. ಆ ಕಡೆಯಿಂದ ಯಾವುದೋ ಲಾರಿ ಬರ್ತಾ ಉಂಟು."